ಕೆನಡಾದ ಕಾಫಿ, ಅಮೆರಿಕದ ಕಾಫಿ: ಕೌಂಟರಿನಲ್ಲಿ ಕೇಳುವ ಬಗೆ

ಕೆನಡಾದ ಕಾಫಿ ಮಳಿಗೆ ಸರಣಿ ಟಿಮ್ ಹಾರ್ಟನ್ಸ್‌ನಲ್ಲಿ ‘ರೆಗ್ಯುಲರ್’ ಎಂದು ಕೇಳಿದರೆ ಒಂದು ಪಾಲು ಕ್ರೀಮ್, ಒಂದು ಪಾಲು ಸಕ್ಕರೆ ಬೆರೆಸಿದ ಕಾಫಿ ಕೈಗೆ ಬರುತ್ತದೆ. ಅಮೆರಿಕದ ಸ್ಟಾರ್‌ಬಕ್ಸ್‌ನಲ್ಲಿ ಅದೇ ಪದಕ್ಕೆ ಡಿಕ್ಯಾಫ್ (ಕೆಫೀನ್ ತೆಗೆದ ಕಾಫಿ) ಅಲ್ಲದ್ದು ಎಂದಷ್ಟೇ ಅರ್ಥ; ಬರುವುದು ಕಪ್ಪು ಕಾಫಿ. ಬಾಸ್ಟನ್ ಸುತ್ತಮುತ್ತಲ ಡಂಕಿನ್ ಮಳಿಗೆಗಳಲ್ಲಿ ಮತ್ತೆ ಕ್ರೀಮ್, ಸಕ್ಕರೆ ಎರಡೂ ಸೇರಿರುತ್ತವೆ. ಹೊಸದಾಗಿ ಬಂದವರು ತಬ್ಬಿಬ್ಬಾಗುವುದು ಇಲ್ಲಿಯೇ.

ಟಿಮ್ ಹಾರ್ಟನ್ಸ್ ಶುರುವಾದದ್ದು 1964ರಲ್ಲಿ, ಒಂಟಾರಿಯೊದ ಹ್ಯಾಮಿಲ್ಟನ್‌ನಲ್ಲಿ, ಡೋನಟ್ ಅಂಗಡಿಯಾಗಿ. ತೆರೆದವರು ಐಸ್ ಹಾಕಿ ಆಟಗಾರ ಟಿಮ್ ಹಾರ್ಟನ್. 1974ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಕೆನಡಾದ ಜನ ಆ ಅಂಗಡಿಯನ್ನು ‘ಟಿಮ್ಸ್’ ಎಂದು ಮನೆಯವರ ಹೆಸರಿನಂತೆ ಕರೆಯುತ್ತಾರೆ. ಅಲ್ಲಿ ನೀವು ದಿನಕ್ಕೆ ಹತ್ತು ಸಲ ಕೇಳುವ ಮಾತು ‘ಡಬಲ್ ಡಬಲ್’: ಎರಡು ಕ್ರೀಮ್, ಎರಡು ಸಕ್ಕರೆ. 2004ರಲ್ಲಿ ಅದು ಕೆನಡಾದ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿತು. ಕ್ರೀಮ್, ಸಕ್ಕರೆಗಳನ್ನು ಕೌಂಟರಿನವರೇ ಹಾಕಿ ಕೊಡುತ್ತಾರೆ, ಕಪ್ ದೊಡ್ಡದಾದಂತೆ ಪಾಲೂ ದೊಡ್ಡದಾಗುತ್ತದೆ. ಲಾರ್ಜ್ ಕಪ್ಪಿನ ‘ಎರಡು’ ಸ್ಮಾಲ್ ಕಪ್ಪಿನ ‘ಎರಡ’ಕ್ಕಿಂತ ಹೆಚ್ಚು. ಸಕ್ಕರೆ ಕಾಯಿಲೆಯವರು ಇದನ್ನು ಮರೆಯಬಾರದು.

ಕಾಫಿ ಎಂದರೆ ಹಾಲು, ಸಕ್ಕರೆ ಕೂಡಿಯೇ ಬರಬೇಕು ಎಂಬ ನಮ್ಮ ಮನೆಯ ರೂಢಿಗೆ ಟಿಮ್ಸ್ ಹತ್ತಿರ ಎನಿಸುತ್ತದೆ. ಆದರೆ ಅಲ್ಲಿಯ ಕ್ರೀಮ್‌ನಲ್ಲಿ ಶೇ 18ರಷ್ಟು ಕೊಬ್ಬಿದೆ. ನಮ್ಮ ನಾಲಿಗೆಗೆ ಅದು ಜಿಡ್ಡು. ‘ಮಿಲ್ಕ್’ ಎಂದು ಬಾಯಿಬಿಟ್ಟು ಹೇಳಿ. ಡಿಕಾಕ್ಷನ್ ಕುಡಿದು ಬೆಳೆದವರಿಗೆ ಅಲ್ಲಿಯ ಮಾಮೂಲು ಕಾಫಿ ತೆಳುವೆನಿಸುತ್ತದೆ. ಬೀಜವನ್ನು ಹೆಚ್ಚು ಹುರಿದ ‘ಡಾರ್ಕ್ ರೋಸ್ಟ್’ ಕಾಫಿಗೆ ಹಾಲು ಹಾಕಿಸಿಕೊಂಡರೆ ಕೊಂಚ ಸಮಾಧಾನ. ಚಹಾದವರಿಗೆ ಅಲ್ಲಿ ‘ಸ್ಟೀಪ್ಡ್ ಟೀ’ ಇದೆ: ಚೀಲ ಅದ್ದಿದ ಬಿಸಿನೀರಲ್ಲ, ಮೊದಲೇ ಸೊಪ್ಪು ನೆನೆಸಿ ಇಳಿಸಿದ ಚಹಾ. ಸ್ಟಾರ್‌ಬಕ್ಸ್‌ನ ‘ಚಾಯ್ ಲಾಟೆ’ಗಿಂತ ನನಗೆ ಇದೇ ಮೇಲು, ಏಕೆಂದರೆ ಅದರಲ್ಲಿ ಸಿಹಿ ಮೊದಲೇ ಬೆರೆತಿರುತ್ತದೆ.

ಅಳತೆಯ ವಿಷಯಕ್ಕೆ ಬರೋಣ. 2012ರಲ್ಲಿ ಟಿಮ್ಸ್ ಕಪ್ಪುಗಳ ಹೆಸರನ್ನು ಒಂದೊಂದು ಮೆಟ್ಟಿಲು ಸರಿಸಿತು. ಹಿಂದಿನ ಮೀಡಿಯಂ ಈಗ ಸ್ಮಾಲ್. ಆ ಸ್ಮಾಲ್‌ನಲ್ಲೇ ಸುಮಾರು 300 ಮಿಲಿಲೀಟರ್ ಕಾಫಿ ಹಿಡಿಯುತ್ತದೆ, ಅಂದರೆ ನಮ್ಮ ದರ್ಶಿನಿಯ ಎರಡು ಲೋಟಕ್ಕೂ ಮಿಗಿಲು. ಬೈಟು ರೂಢಿಯವರು ಇನ್ನೊಂದು ಖಾಲಿ ಕಪ್ ಕೇಳಿ ಹಂಚಿಕೊಳ್ಳಿ, ಸಂಕೋಚ ಬೇಡ. ಸ್ಟಾರ್‌ಬಕ್ಸ್‌ನಲ್ಲಿ ಟಾಲ್ 355, ಗ್ರಾಂಡೆ 473, ಬಿಸಿ ವೆಂಟಿ 591 ಮಿಲಿಲೀಟರ್. ‘ಟಾಲ್’ ಎಂಬ ಹೆಸರು ಕೇಳಿ ದೊಡ್ಡದೆಂದುಕೊಳ್ಳಬೇಡಿ, ಮೂರರಲ್ಲಿ ಅದೇ ಚಿಕ್ಕದು. ಅದಕ್ಕೂ ಚಿಕ್ಕದಾದ ‘ಶಾರ್ಟ್’ ಒಂದಿದೆ, ಸುಮಾರು 236 ಮಿಲಿಲೀಟರ್. ಸಾಮಾನ್ಯವಾಗಿ ಬೋರ್ಡಿನಲ್ಲಿ ಕಾಣಿಸದು, ಬಿಸಿ ಪಾನೀಯಕ್ಕೆ ಕೇಳಿದರೆ ಕೊಡುತ್ತಾರೆ. ಶಾರ್ಟ್ ಕಪ್ಪಿನಲ್ಲಿ ಎರಡು ಶಾಟ್ (ಅಳತೆ) ಎಸ್ಪ್ರೆಸೊ, ಅಂದರೆ ಗಟ್ಟಿ ಕಾಫಿ, ಹಾಕಿಸಿದ ಲಾಟೆಗೆ (ಹಾಲಿನ ಕಾಫಿಗೆ) ಸಕ್ಕರೆ ಬೆರೆಸಿ ನೋಡಿ. ಈ ದೊಡ್ಡ ಮಳಿಗೆಗಳಲ್ಲಿ ಫಿಲ್ಟರ್ ಕಾಫಿಯ ಗಟ್ಟಿತನಕ್ಕೆ ಅತಿ ಹತ್ತಿರ ಬರುವುದು ಅದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಿಲ್ಲಿನ ಮಾತು ಚುಟುಕಾಗಿ: ಎರಡೂ ದೇಶಗಳಲ್ಲಿ ಬೋರ್ಡಿನ ಬೆಲೆಗೆ ತೆರಿಗೆ ಸಾಮಾನ್ಯವಾಗಿ ಸೇರಿರುವುದಿಲ್ಲ. ಒಂಟಾರಿಯೊದಲ್ಲಿ ತೆರಿಗೆ ಶೇ 13, ಆದರೆ ಸಿದ್ಧ ತಿಂಡಿ, ಪಾನೀಯಗಳ ಒಟ್ಟು ಬೆಲೆ 4 ಡಾಲರ್ ದಾಟದಿದ್ದರೆ ಶೇ 5 ಮಾತ್ರ. ಆರು ಡೋನಟ್ ಒಟ್ಟಿಗೆ ಕೊಂಡರೆ ಅವಕ್ಕೆ ತೆರಿಗೆಯೇ ಇಲ್ಲ. ಕಾರ್ಡ್ ಯಂತ್ರ ಟಿಪ್ಸ್ ಕೇಳಿದರೂ ಕೌಂಟರಿನಲ್ಲಿ ಕೊಡುವುದು ನಿಮ್ಮ ಇಷ್ಟ. ಮೊಟ್ಟೆ ತಿನ್ನದವರು ಡೋನಟ್ ಕೊಳ್ಳುವ ಮುನ್ನ ವಿಚಾರಿಸಿ.

ಊರಿಂದ ಬಂದ ತಂದೆತಾಯಿಯರನ್ನು ಮಾತ್ರ ಟಿಮ್ಸ್‌ಗೇ ಕರೆದೊಯ್ಯಿರಿ. ಬೆಳಗಿನ ಹೊತ್ತು ಅಲ್ಲಿ ನಿವೃತ್ತರು ಗುಂಪುಗೂಡಿ ಹರಟುತ್ತಿರುತ್ತಾರೆ. ತಂದೆತಾಯಿಯರಿಗೆ ಬೇಸರ ಕಳೆಯುತ್ತದೆ. ಇನ್ನು ಅಮೆರಿಕದಲ್ಲಿರುವವರು ಮನೆಗೆ ನ್ಯೂ ಆರ್ಲಿಯನ್ಸ್‌ನ ಕೆಫೆ ಡು ಮಾಂಡ್‌ನ ಕಾಫಿಪುಡಿ ಡಬ್ಬಿಯನ್ನು ತಂದಿಟ್ಟುಕೊಳ್ಳಿ. ಅದರಲ್ಲಿ ಚಿಕೋರಿ ಬೆರೆತಿದೆ, ನಮ್ಮ ಹಿತ್ತಾಳೆ ಫಿಲ್ಟರಿಗೂ ಚೆನ್ನಾಗಿ ಹೊಂದುತ್ತದೆ.