ಅಮೆರಿಕದಲ್ಲಿ ಮನೆ ಕೊಳ್ಳುವಾಗ ನೆರೆ ವಿಮೆ: ಹೊಸಬರಿಗೆ

ಸಾಲ ಕೊಡುವ ಬ್ಯಾಂಕು ಮಾಡಿಸಲೇಬೇಕು ಎನ್ನುವ ಹೋಮ್ ಇನ್ಶೂರೆನ್ಸ್ ಬೆಂಕಿ, ಕಳ್ಳತನ, ಇದ್ದಕ್ಕಿದ್ದಂತೆ ಒಡೆದ ಪೈಪು ಇವಕ್ಕೆಲ್ಲ ಹಣ ಕೊಡುತ್ತದೆ. ಹೊರಗೆ ನೆಲದ ಮೇಲೆ ಹರಿದು ಮನೆಯೊಳಗೆ ನುಗ್ಗಿದ ನೀರಿಗೆ ಮಾತ್ರ ಕೊಡುವುದಿಲ್ಲ. ಅದಕ್ಕೆ ಬೇರೆಯೇ ಪಾಲಿಸಿ ಬೇಕು. ಹೆಚ್ಚಿನವರು ಮಾಡಿಸುವುದು 1968ರ ಕಾಯ್ದೆಯಿಂದ ಬಂದ ಸರಕಾರಿ ಯೋಜನೆ ಎನ್‌ಎಫ್‌ಐಪಿಯಲ್ಲಿ (ರಾಷ್ಟ್ರೀಯ ನೆರೆ ವಿಮಾ ಯೋಜನೆ). ಅದನ್ನು ನಡೆಸುವುದು ಅಲ್ಲಿನ ಕೇಂದ್ರ ಸರಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ. ಮಾರುವುದು ಖಾಸಗಿ ಕಂಪನಿಗಳಾದರೂ ಈ ಯೋಜನೆಯ ದರ ಎಲ್ಲರ ಬಳಿಯೂ ಒಂದೇ. ಹಾಗಾಗಿ ನಾಲ್ಕು ಏಜೆಂಟರನ್ನು ಸುತ್ತುವ ಬದಲು ಖಾಸಗಿ ನೆರೆ ಪಾಲಿಸಿಯೊಂದರ ಜೊತೆ ಹೋಲಿಸಿ ನೋಡಿ.

ಆಫರ್ ಹಾಕುವ ಮುಂಚೆಯೇ ಫೆಮಾದ ಮ್ಯಾಪ್ ಸರ್ವಿಸ್ ಸೆಂಟರ್ ತಾಣದಲ್ಲಿ ಮನೆಯ ವಿಳಾಸ ಕೊಟ್ಟು ನೋಡಿ. ಎ ಅಥವಾ ವಿ ಅಕ್ಷರದಿಂದ ಶುರುವಾಗುವ ವಲಯವಾದರೆ ನೆರೆ ಬರುವುದಕ್ಕೆ ವರ್ಷಕ್ಕೆ ಕನಿಷ್ಠ ಶೇ. 1ರಷ್ಟು ಸಾಧ್ಯತೆ. ಸಣ್ಣದೆನಿಸಬಹುದು, ಆದರೆ 30 ವರ್ಷದ ಸಾಲದ ಅವಧಿಗೆ ಅದೇ ಸುಮಾರು ಶೇ. 26 ಆಗುತ್ತದೆ. ಅಪಾಯ ಕಡಿಮೆಯಿರುವ ಎಕ್ಸ್ ವಲಯವಾದರೆ ಬ್ಯಾಂಕು ಸಾಮಾನ್ಯವಾಗಿ ನೆರೆ ವಿಮೆ ಕೇಳುವುದಿಲ್ಲ, ಅಷ್ಟಕ್ಕೇ ಸುಮ್ಮನಾಗಬೇಡಿ. 2017ರ ಹಾರ್ವಿ ಚಂಡಮಾರುತಕ್ಕೆ ಹ್ಯೂಸ್ಟನ್‌ನಲ್ಲಿ ನೀರು ಹೊಕ್ಕ ಎಷ್ಟೋ ಮನೆಗಳು ಅಪಾಯದ ವಲಯದ ಹೊರಗಿದ್ದವು. ಈ ಮ್ಯಾಪು ಮುಖ್ಯವಾಗಿ ನದಿ, ಹಳ್ಳ, ಕಡಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಜಡಿಮಳೆಗೆ ಚರಂಡಿ ಸಾಲದೆ ಬೀದಿ ತುಂಬುವುದು ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ಮನೆಗೆ ಹಿಂದೆ ನೀರು ನುಗ್ಗಿದ್ದರೆ ಮಾರುವವರು ಬರೆದು ತಿಳಿಸಬೇಕೆಂಬ ಕಾನೂನಿದೆ. ಆ ಕಾಗದವನ್ನು ಓದದೆ ಸಹಿ ಹಾಕಬೇಡಿ. ಮಾರುವವರದೇ ಎನ್‌ಎಫ್‌ಐಪಿ ಪಾಲಿಸಿ ಇದ್ದರೆ ನಿಮ್ಮ ಹೆಸರಿಗೆ ವರ್ಗಾಯಿಸಲು ಕೇಳಿ. ಅವರ ರಿಯಾಯಿತಿ ದರ ನಿಮಗೂ ಸಿಗಬಹುದು.

ಹೊಸ ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಟಿವಿಯಲ್ಲಿ ಚಂಡಮಾರುತದ ಸುದ್ದಿ ಬಂದ ಮೇಲೆ ಫೋನು ಮಾಡಿದರೆ ಏನೂ ಗಿಟ್ಟುವುದಿಲ್ಲ. ಮನೆ ಸಾಲಕ್ಕಾಗಿ ಕ್ಲೋಸಿಂಗ್ (ಮನೆ ನಿಮ್ಮ ಹೆಸರಿಗೆ ಆಗುವ ಕೊನೆಯ ಹಂತ) ಜೊತೆಗೇ ಮಾಡಿಸಿದರೆ ಈ ಕಾಯುವಿಕೆ ಇರುವುದಿಲ್ಲ, ಆದ್ದರಿಂದ ಅದೇ ಸರಿಯಾದ ಸಮಯ.

ಎನ್‌ಎಫ್‌ಐಪಿಯಲ್ಲಿ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000. ಇವೆರಡೂ ಬೇರೆ ಬೇರೆ. ಸಾಮಾನಿನ ಭಾಗವನ್ನು ಕೇಳಿಯೇ ಸೇರಿಸಿಕೊಳ್ಳಬೇಕು. ಡಿಡಕ್ಟಿಬಲ್ (ನಷ್ಟದಲ್ಲಿ ಮೊದಲು ನೀವೇ ಭರಿಸಬೇಕಾದ ಪಾಲು) ಕೂಡ ಎರಡಕ್ಕೂ ಪ್ರತ್ಯೇಕ. ಸಾಮಾನಿಗೆ ಸವಕಳಿ ಕಳೆದು ಕೊಡುತ್ತಾರೆ, ಹತ್ತು ವರ್ಷದ ಸೋಫಾಕ್ಕೆ ಹೊಸದರ ಬೆಲೆ ಬರುವುದಿಲ್ಲ. ಮನೆ ಒಣಗುವ ತನಕದ ಹೋಟೆಲ್ ಖರ್ಚು ಎನ್‌ಎಫ್‌ಐಪಿಯಲ್ಲಿ ಇಲ್ಲವೇ ಇಲ್ಲ. ಕೆಲವು ಖಾಸಗಿ ಪಾಲಿಸಿಗಳಲ್ಲಿದೆ. ಕಾರು ಮುಳುಗಿದರೆ ಕಾರಿನ ಕಾಂಪ್ರೆಹೆನ್ಸಿವ್ ವಿಮೆಯೇ ಗತಿ.

ನಮ್ಮವರು ಹೆಚ್ಚು ಕೈ ಸುಟ್ಟುಕೊಳ್ಳುವುದು ಬೇಸ್‌ಮೆಂಟಿನಲ್ಲಿ. ಮನೆ ಬಿಸಿ ಮಾಡುವ ಫರ್ನೇಸ್, ವಾಟರ್ ಹೀಟರ್, ಎಲೆಕ್ಟ್ರಿಕ್ ಪ್ಯಾನೆಲ್, ಬೇಸ್‌ಮೆಂಟಿನ ನೀರು ಹೊರಹಾಕುವ ಸಂಪ್ ಪಂಪ್ ಇವಕ್ಕೆ ಪರಿಹಾರವಿದೆ. ಸಾಮಾನಿನ ಭಾಗ ಇದ್ದರೆ ವಾಷರ್, ಡ್ರೈಯರ್, ಫ್ರೀಜರಿಗೂ ಇದೆ. ಸಾವಿರಾರು ಡಾಲರ್ ಸುರಿದು ಹಾಕಿಸಿದ ಕಾರ್ಪೆಟ್, ಹೋಮ್ ಥಿಯೇಟರ್, ಅತಿಥಿ ಕೋಣೆಯ ಮಂಚಕ್ಕೆ ಇಲ್ಲ. ನಾಲ್ಕೂ ಕಡೆಯಿಂದ ನೆಲಮಟ್ಟಕ್ಕಿಂತ ಕೆಳಗಿದ್ದರೆ ಮಾತ್ರ ಅದು ಬೇಸ್‌ಮೆಂಟ್ ಎನಿಸುತ್ತದೆ. ಒಂದು ಕಡೆ ಹೊರಗೆ ನಡೆದುಹೋಗುವಂತಿದ್ದರೆ ಏಜೆಂಟರಿಗೆ ಸ್ಪಷ್ಟವಾಗಿ ಹೇಳಿ. ಹೊರಗೆ ನೆರೆಯಿಲ್ಲದೆ ಬರೀ ಒಳಚರಂಡಿ ಉಕ್ಕಿ ಅಥವಾ ಸಂಪ್ ಪಂಪ್ ಕೆಟ್ಟು ನೀರು ಬಂದರೆ ನೆರೆ ವಿಮೆ ಕೈ ಎತ್ತುತ್ತದೆ. ಅದಕ್ಕೆ ಹೋಮ್ ಇನ್ಶೂರೆನ್ಸಿಗೇ ವಾಟರ್ ಬ್ಯಾಕಪ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿಕೊಳ್ಳಬೇಕು. ಪಂಪಿಗೆ ಬ್ಯಾಟರಿ ಬ್ಯಾಕಪ್ ಇರಲಿ, ಏಕೆಂದರೆ ಅದು ಬೇಕಾಗುವ ರಾತ್ರಿಯೇ ಕರೆಂಟು ಹೋಗುತ್ತದೆ.

ನೀರು ನುಗ್ಗಿದರೆ ಕೂಡಲೇ ಕಂಪನಿಗೆ ತಿಳಿಸಿ. ನಷ್ಟ ಅಳೆಯಲು ಕಂಪನಿ ಕಳಿಸುವ ಅಡ್ಜಸ್ಟರ್ ಬರುವ ತನಕ ಕೈಕಟ್ಟಿ ಕೂರಬೇಡಿ. ಬೂಷ್ಟು 24ರಿಂದ 48 ಗಂಟೆಯೊಳಗೆ ಹಿಡಿಯುತ್ತದೆ. ಗೋಡೆಯ ಮೇಲೆ ನೀರು ನಿಂತ ಗುರುತು, ಉಪಕರಣಗಳ ಮಾಡೆಲ್ ಮತ್ತು ಸೀರಿಯಲ್ ನಂಬರಿನ ಫೋಟೊ ತೆಗೆದುಕೊಂಡು, ಕಾರ್ಪೆಟಿನ ಒಂದು ತುಂಡು ಎತ್ತಿಟ್ಟು, ಆಮೇಲೆ ಒದ್ದೆ ಸಾಮಾನು ಹೊರಹಾಕಿ. ನಷ್ಟದ ಲೆಕ್ಕಕ್ಕೆ ಪ್ರಮಾಣ ಮಾಡಿ ಸಹಿ ಹಾಕಿದ ಪ್ರೂಫ್ ಆಫ್ ಲಾಸ್ ಪತ್ರ ನೆರೆ ಬಂದ ದಿನದಿಂದ 60 ದಿನದೊಳಗೆ ಕಂಪನಿಗೆ ತಲುಪಬೇಕು. ಅಡ್ಜಸ್ಟರ್ ಅದನ್ನು ತುಂಬಿಕೊಟ್ಟರೂ ಗಡುವಿನ ಹೊಣೆ ನಿಮ್ಮದೇ.