ಚಾರ್ಜ್ ಆಗದ ಫೋನು: ಗೋಡೆಯಿಂದ ಬ್ಯಾಟರಿಯವರೆಗೆ

ಬೆಂಗಳೂರಿನ ಹನುಮಂತನಗರದಲ್ಲಿ ನನ್ನದೊಂದು ಚಿಕ್ಕ ಮೊಬೈಲ್ ರಿಪೇರಿ ಅಂಗಡಿ ಇದೆ. "ಚಾರ್ಜ್ ಆಗ್ತಿಲ್ಲ, ಬ್ಯಾಟರಿ ಹೋಗಿರಬೇಕು ನೋಡಿ" ಅಂತ ಫೋನ್ ಹಿಡಿದು ಬರುವವರೇ ಜಾಸ್ತಿ. ಬ್ಯಾಟರಿ ಹೋಗಿರುವುದೂ ಉಂಟು. ಆದರೆ ನಾನು ಅದರ ವಿಚಾರಕ್ಕೆ ಬರುವುದು ಕೊನೆಗೆ. ಕರೆಂಟು ಗೋಡೆಯ ಸಾಕೆಟ್‌ನಿಂದ ಹೊರಟು ಚಾರ್ಜರ್, ಕೇಬಲ್, ಫೋನಿನಲ್ಲಿ ಕೇಬಲ್ ಸಿಕ್ಕಿಸುವ ಜಾಕ್ ದಾಟಿ ಬ್ಯಾಟರಿ ಸೇರುತ್ತದೆ ಅಲ್ವಾ? ನಾನೂ ಅದೇ ದಾರಿ ಹಿಡಿಯುತ್ತೇನೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತೇನೆ. ಚಾರ್ಜರ್, ಕೇಬಲ್ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಕೆಟ್ಟಿದ್ದು ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಊಟ ಡೆಲಿವರಿ ಮಾಡುವ ಹುಡುಗನೊಬ್ಬ ಬಂದ.

"ಅಣ್ಣಾ, ರಾತ್ರಿಯಿಂದ ಚಾರ್ಜೇ ಏರ್ತಿಲ್ಲ. ಬ್ಯಾಟರಿ ಚೇಂಜ್ ಮಾಡಿಸ್ಬೇಕು ಅಂದ್ರು ಒಂದು ಕಡೆ. ಮಧ್ಯಾಹ್ನ ಲಾಗಿನ್ ಆಗ್ಬೇಕು, ಏನಾದ್ರೂ ಮಾಡಿ."

ಫೋನ್ ಇಲ್ಲದಿದ್ದರೆ ಅವನಿಗೆ ಅವತ್ತಿನ ದುಡಿಮೆಯೇ ಇಲ್ಲ. ಅಂಥವರಿಗೆ "ಬಿಟ್ಟು ಹೋಗಿ, ನಾಳೆ ಬನ್ನಿ" ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಮೊದಲು ಅವನ ಚಾರ್ಜರ್, ಕೇಬಲ್ ಇಸಿದುಕೊಂಡೆ. ಇವನ್ನು ಪರೀಕ್ಷಿಸಲು ನನ್ನ ಹತ್ತಿರ ಯುಎಸ್‌ಬಿ ಮೀಟರ್ ಇದೆ. ಹೆಬ್ಬೆರಳಷ್ಟು ಚಿಕ್ಕದು. ಚಾರ್ಜರ್‌ಗೂ ಕೇಬಲ್‌ಗೂ ನಡುವೆ ಸಿಕ್ಕಿಸಿದರೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಹೋಗುತ್ತಿದೆ ಅಂತ ತೋರಿಸುತ್ತದೆ. ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯಲ್ಲಿ ನಾಲ್ಕೈದು ಫೋನ್ ಇರುವವರು ಒಂದು ತಂದಿಟ್ಟುಕೊಳ್ಳಿ ಅಂತ ನಾನು ಖಂಡಿತ ಹೇಳುತ್ತೇನೆ. ಅವನ ಚಾರ್ಜರ್, ಕೇಬಲ್ ಎರಡನ್ನೂ ನನ್ನ ಫೋನಿಗೆ ಹಾಕಿದಾಗ 5 ವೋಲ್ಟ್, 1.8 ಆಂಪಿಯರ್ ಬಂತು. ಅಲ್ಲಿಗೆ ಅವೆರಡೂ ಸರಿ ಇವೆ ಅಂತಾಯಿತು. ಅದೇ ಕೇಬಲ್ ಅವನ ಫೋನಿಗೆ ಹಾಕಿದರೆ ಸೊನ್ನೆ. ಕೇಬಲ್ಲಿನ ತುದಿಯನ್ನು ಸ್ವಲ್ಪ ಒತ್ತಿ ಹಿಡಿದರೆ 0.4, ಬಿಟ್ಟರೆ ಮತ್ತೆ ಸೊನ್ನೆ. ತೊಂದರೆ ಜಾಕ್‌ನಲ್ಲೇ ಇದೆ ಅಂತ ಅರ್ಧ ಖಾತ್ರಿಯಾಯಿತು.

ಟೈಪ್ ಸಿ ಜಾಕ್ ಇದ್ದರೆ ಇನ್ನೊಂದು ಪರೀಕ್ಷೆ ಮಾಡುತ್ತೇನೆ. ಕೇಬಲ್ಲಿನ ತುದಿಯನ್ನು ತಿರುಗಿಸಿ ಹಾಕುವುದು. ಎರಡೂ ಕಡೆಯಿಂದ ಚಾರ್ಜ್ ಆಗಬೇಕಾದದ್ದು ಒಂದೇ ಕಡೆ ಆದರೆ ಕೇಬಲ್ಲಿನ ಅಥವಾ ಜಾಕಿನ ಒಂದು ಮಗ್ಗುಲಿನ ಪಿನ್ ಹೋಗಿದೆ ಅಂತ ಅರ್ಥ. ಕೇಬಲ್ ಬದಲಾಯಿಸಿಯೂ ಹಾಗೇ ಇದ್ದರೆ ಜಾಕೇ. ಇದಕ್ಕೆ ಮೀಟರೂ ಬೇಡ, ಮನೆಯಲ್ಲೇ ನೋಡಬಹುದು.

ಆಮೇಲೆ ಫೋನ್ ಆಫ್ ಮಾಡಿ, ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ಒಳಗೆ ನೋಡಿದೆ. ಟೈಪ್ ಸಿ ಜಾಕ್‌ನ ನಡುವೆ ತೆಳ್ಳಗಿನ ನಾಲಿಗೆ ಇರುತ್ತದೆ. ಅದರ ಮೇಲೆ ಒಂದು ಕಡೆ 12, ಇನ್ನೊಂದು ಕಡೆ 12 ಪಿನ್‌ವರೆಗೆ ಇರುತ್ತವೆ. ಪ್ಯಾಂಟ್ ಜೇಬಿನ ಬಟ್ಟೆಯ ಜುಂಗು, ರಸ್ತೆಯ ಧೂಳು ಎಲ್ಲ ಒಳಗೆ ಸೇರಿಕೊಳ್ಳುತ್ತದೆ. ನಾವು ಕೇಬಲ್ ಹಾಕಿದಾಗಲೆಲ್ಲ ಅದು ಹಿಂದಕ್ಕೆ ಒತ್ತಿ ಒತ್ತಿ ಕಂಬಳಿಯ ಚೂರಿನ ಹಾಗೆ ಗಟ್ಟಿಯಾಗುತ್ತದೆ. ಕೇಬಲ್ ಪೂರ್ತಿ ಒಳಗೆ ಕೂರುವುದಿಲ್ಲ. ಟಕ್ ಅನ್ನುವುದಿಲ್ಲ, ಒಂದು ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತದೆ. ಮರದ ಟೂತ್‌ಪಿಕ್ಕನ್ನು ಬ್ಲೇಡಿನಲ್ಲಿ ಇನ್ನೂ ತೆಳ್ಳಗೆ ಮಾಡಿ, ನಾಲಿಗೆಗೆ ತಾಗದಂತೆ ಅಂಚಿನ ಉದ್ದಕ್ಕೂ ನಿಧಾನವಾಗಿ ಎಳೆದರೆ ಇಡೀ ಉಂಡೆ ಹೊರಗೆ ಬರುತ್ತದೆ. ಬರೀ ಇಷ್ಟರಿಂದಲೇ ಸರಿಹೋಗುವ ಫೋನುಗಳು ಎಷ್ಟೋ. ಸೇಫ್ಟಿ ಪಿನ್, ಸೂಜಿ ಮಾತ್ರ ಹಾಕಲೇಬೇಡಿ. ಒಂದು ಪಿನ್ ಎದ್ದು ಪಕ್ಕದ್ದಕ್ಕೆ ತಾಗಿದರೆ ನೂರು ರೂಪಾಯಿಯ ಕೆಲಸ ಸಾವಿರಕ್ಕೆ ಹೋಗುತ್ತದೆ.

ಈ ಹುಡುಗನ ಫೋನಿನಲ್ಲಿ ಧೂಳಿನ ಹಿಂದೆ ಹಸಿರು ಕಂಡಿತು. ಮಳೆ ನೀರು ಹೋಗಿ, ಅದೇ ಒದ್ದೆಯಲ್ಲಿ ಚಾರ್ಜಿಗೆ ಹಾಕಿ, ಪಿನ್ ತುಕ್ಕು ಹಿಡಿದಿತ್ತು. ಒದ್ದೆ ಜಾಕ್‌ಗೆ ಕರೆಂಟು ಕೊಟ್ಟರೆ ಪಿನ್ನಿನ ಲೋಹ ಬೇಗ ತಿಂದುಹೋಗುತ್ತದೆ. ಫೋನ್ ನೆನೆದರೆ ಜಾಕ್ ಕೆಳಗೆ ಮಾಡಿ ಕೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಡಿ. ಚೆನ್ನಾಗಿ ಒಣಗುವ ತನಕ ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಬೇಡ, ಆಪಲ್ ಕಂಪನಿಯವರೇ ಬೇಡ ಅಂದಿದ್ದಾರೆ. ಅಕ್ಕಿಯ ನುಚ್ಚು ಜಾಕ್‌ನೊಳಗೆ ಸೇರುತ್ತದೆ ಅಷ್ಟೇ.

ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿದೆ. ಮೀಟರ್ ಸ್ವಲ್ಪ ಏರಿತು, ನಿಲ್ಲಲಿಲ್ಲ. ಇನ್ನು ಜಾಕ್ ಬದಲಾಯಿಸುವುದೊಂದೇ ದಾರಿ. ಪುಣ್ಯಕ್ಕೆ ಅವನ ಫೋನಿನಲ್ಲಿ ಜಾಕ್ ಮೇನ್ ಬೋರ್ಡಿನ ಮೇಲಿರಲಿಲ್ಲ, ಕೆಳಗಿನ ಚಿಕ್ಕ ಚಾರ್ಜಿಂಗ್ ಬೋರ್ಡಿನಲ್ಲಿತ್ತು. ಹಿಂದಿನ ಕವರ್ ಬಿಸಿ ಮಾಡಿ ಬಿಡಿಸಿ, ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕನೆಕ್ಟರ್ ಬಿಚ್ಚಿ, ಬೋರ್ಡ್ ಬದಲಾಯಿಸಿದೆ. ಸೋಲ್ಡರಿಂಗ್, ಅಂದರೆ ಬೆಸುಗೆ ಬೇಕಾಗಲಿಲ್ಲ. ಮೀಟರ್ 1.9ಕ್ಕೆ ಹೋಗಿ ನಿಂತಿತು. ಒಮ್ಮೆ ಬಿಚ್ಚಿದ ಫೋನು ಮೊದಲಿನಷ್ಟು ನೀರು ತಡೆಯುತ್ತದೆ ಅಂತ ನಂಬಬೇಡ ಅಂತ ಅವನಿಗೆ ಹೇಳಿದೆ. ಇದನ್ನು ಗಿರಾಕಿಗೆ ಹೇಳದೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ.

ದುಡ್ಡು ಕೊಡುವಾಗ ಅವನು ಒಂದು ಮಾತು ಹೇಳಿದ. "ಗಾಡೀಲಿ ಚಾರ್ಜಿಗೆ ಹಾಕಿದ್ರೂ ಪರ್ಸೆಂಟ್ ಇಳೀತಾನೇ ಇರತ್ತಣ್ಣ." ಹೊರಗೆ ಹೋಗಿ ಬೈಕಿನ ಚಾರ್ಜರ್‌ಗೆ ಮೀಟರ್ ಹಾಕಿದೆ. 0.5 ಆಂಪಿಯರ್ ಕೂಡ ಬರುತ್ತಿಲ್ಲ. 5 ವೋಲ್ಟ್‌ಗೆ ಅರ್ಧ ಆಂಪಿಯರ್ ಅಂದರೆ ಎರಡೂವರೆ ವ್ಯಾಟ್. ಮ್ಯಾಪು, ಇಂಟರ್ನೆಟ್ಟು, ಬಿಸಿಲಿಗೆ ಪೂರ್ತಿ ಏರಿಸಿದ ಬ್ರೈಟ್‌ನೆಸ್ಸು, ಇವೆಲ್ಲ ಸೇರಿದರೆ ಫೋನು ಅದಕ್ಕಿಂತ ಜಾಸ್ತಿ ತಿನ್ನುತ್ತದೆ. ಮೇಲೆ ಮಿಂಚಿನ ಗುರುತು ಬರುತ್ತದೆ, ಒಳಗೆ ಖಾಲಿಯಾಗುತ್ತಲೇ ಇರುತ್ತದೆ. ಗಾಡಿಯಲ್ಲಿದ್ದದ್ದು ಉದ್ದದ, ತೆಳ್ಳನೆಯ ಕೇಬಲ್ ಬೇರೆ, ಅದರಿಂದಲೂ ಚಾರ್ಜಿಂಗ್ ನಿಧಾನವಾಗುತ್ತದೆ. ಗಿಡ್ಡದು, ದಪ್ಪದ್ದು ಕೊಟ್ಟೆ, ಚಾರ್ಜರ್ ಒಳ್ಳೆಯದು ಹಾಕಿಸಲು ಹೇಳಿದೆ. ಇನ್ನೊಂದು, ಏಪ್ರಿಲ್ ಬಿಸಿಲಿನಲ್ಲಿ ಹ್ಯಾಂಡಲ್ ಮೇಲೆ ಕೂತ ಫೋನು ತುಂಬಾ ಕಾದರೆ ಚಾರ್ಜಿಂಗನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ನಿಲ್ಲಿಸಲೂಬಹುದು. ಅದು ಕೆಟ್ಟಿದ್ದಲ್ಲ. ಬ್ಯಾಟರಿ ಉಳಿಸಿಕೊಳ್ಳಲೆಂದೇ ಹಾಗೆ ಮಾಡಿರುತ್ತಾರೆ.

ಹೊಸ ಚಾರ್ಜರ್ ಕೊಳ್ಳುವಾಗ ಮೇಲೆ ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನಂಬರ್ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ.

ಬ್ಯಾಟರಿಗೆ ಬರುತ್ತೇನೆ. ಪೂರ್ತಿ ಖಾಲಿಯಾಗಿ ವಾರಗಟ್ಟಲೆ ಬಿದ್ದಿದ್ದ ಫೋನನ್ನು ಚಾರ್ಜಿಗೆ ಹಾಕಿದ ಕೂಡಲೇ ಸ್ಕ್ರೀನ್ ಬರುವುದಿಲ್ಲ. ವೋಲ್ಟೇಜ್ ತೀರಾ ಇಳಿದಾಗ ಮೊದಲು ಚೂರು ಚೂರೇ ಕರೆಂಟು ಹೋಗುತ್ತದೆ. ಅರ್ಧ ಗಂಟೆ ಸುಮ್ನೆ ಬಿಡಿ, ಅಷ್ಟರಲ್ಲೇ ಡೆಡ್ ಅಂದುಬಿಡಬೇಡಿ. ಆದರೆ ಹಿಂದಿನ ಕವರ್ ಎದ್ದಿದ್ದರೆ, ಸ್ಕ್ರೀನ್ ಅಂಚಿನಲ್ಲಿ ಸಂದಿ ಬಿಟ್ಟಿದ್ದರೆ, ಟೇಬಲ್ ಮೇಲಿಟ್ಟಾಗ ಫೋನು ಸಪಾಟಾಗಿ ಕೂರದೆ ಬುಗುರಿಯ ಹಾಗೆ ತಿರುಗಿದರೆ ಬ್ಯಾಟರಿ ಉಬ್ಬಿರಬಹುದು. ಆಗ ಈ ಯಾವ ಪರೀಕ್ಷೆಯೂ ಬೇಡ. ಚಾರ್ಜರ್ ತೆಗೆದು, ಫೋನ್ ಆಫ್ ಮಾಡಿ, ಒತ್ತದೆ, ಚುಚ್ಚದೆ ರಿಪೇರಿಯವರ ಹತ್ತಿರ ತನ್ನಿ. ತೆಗೆದ ಬ್ಯಾಟರಿಯನ್ನು ಮನೆ ಕಸದ ಜೊತೆ ಗಾಡಿಗೆ ಹಾಕಬೇಡಿ, ಲಾರಿಯಲ್ಲಿ ಒತ್ತಿದಾಗ ಬೆಂಕಿ ಹತ್ತಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ನನ್ನ ಅಂಗಡಿಗೆ ಬಂದಿದ್ದನ್ನು ಬೇರೆ ಡಬ್ಬಿಯಲ್ಲಿಟ್ಟು ಅವರಿಗೇ ಕಳಿಸುತ್ತೇನೆ.