ಕಲ್ಲಿನ ಮೇಲಿನ ‘ತ್’, ನಮ್ಮ ಬಾಯಲ್ಲಿನ ‘ದು’

ಹಳೆಯ ಈಜಿಪ್ಟಿನ ಕ್ರಿಯಾಪದವನ್ನು ಕನ್ನಡದ ಮೂಲಕ ಕಲಿಯುತ್ತೇನೆ ಅಂದಾಗ ನಮ್ಮ ಓದಿನ ಗುಂಪಿನಲ್ಲಿ ಎಲ್ಲರೂ ನಕ್ಕಿದ್ದರು. ಹೋದ ತಿಂಗಳು ಮಧ್ಯ ರಾಜ್ಯ ಕಾಲದ, ಅಂದರೆ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ, 20 ಸಮಾಧಿಗಲ್ಲುಗಳ ಫೋಟೊ ಇಟ್ಟುಕೊಂಡು ಕೂತೆ. ಅವುಗಳಲ್ಲಿ 17ರಲ್ಲಿ, ಸತ್ತವರಿಗೆ ಅನ್ನಪಾನ ಕೋರುವ ಅರ್ಪಣೆಯ ಸಾಲನ್ನು ನಿಘಂಟು ಮುಟ್ಟದೆ ಓದಿದೆ. ಈಗ ಯಾರೂ ನಗುತ್ತಿಲ್ಲ.

ಅಲ್ಲಿವರೆಗೆ ಆದ ಖರ್ಚು ಕೇಳಬೇಡಿ. ಆನ್‌ಲೈನ್ ಕೋರ್ಸಿಗೆ 18 ಸಾವಿರದ ಹತ್ತಿರ ಹೋಯಿತು, ಅರ್ಧಕ್ಕೇ ಬಿಟ್ಟೆ. ಅಲ್ಲಿ ಸಂಬಂಧಸೂಚಕ ರೂಪಗಳನ್ನೆಲ್ಲ (‘ಅವನು ಕೊಟ್ಟ’, ‘ಅವನು ಕೊಟ್ಟದ್ದು’ ತರಹದವು) ಇಂಗ್ಲಿಷಿನ ‘ದಟ್ ವಿಚ್’ ಹಾಕಿ ಬಿಡಿಸುತ್ತಿದ್ದರು. ನನ್ನ ತಲೆಯಲ್ಲಿ ಅದು ಎರಡು ಸಲ ಅನುವಾದ ಆಗಬೇಕಿತ್ತು. ನಾನೇ ಮಾಡಿದ ಎಡವಟ್ಟೂ ಕಮ್ಮಿಯಿಲ್ಲ. ಪದ ನೆನಪಿಟ್ಟುಕೊಳ್ಳಲು ಬರೆದ ಮೊದಲ ನೂರು ಕಾರ್ಡುಗಳಲ್ಲಿ ಕೈ ಚಿಹ್ನೆ, ಹಾವಿನ ಚಿಹ್ನೆ ಎರಡನ್ನೂ ‘ದ’ ಅಂತಲೇ ಬರೆದಿದ್ದೆ. ‘ಕೊಡುವುದು’ ಮತ್ತು ‘ಹೇಳುವುದು’ ಒಂದೇ ಆಗಿಬಿಟ್ಟವು! ಎಲ್ಲ ಹರಿದು ಹಾಕಿ, ಹಾವಿಗೆ ‘ಜ’ ಕೊಟ್ಟು ಹೊಸದಾಗಿ ಬರೆದೆ. ಕಾರ್ಡು, ಪೆನ್ನು ಸೇರಿ ಇನ್ನೊಂದು 600 ರೂಪಾಯಿ.

ದಾರಿ ಸಿಕ್ಕಿದ್ದು ಅರ್ಪಣೆಯ ಈ ಸಾಲಿನಲ್ಲಿ: ‘ದೆದೆತ್ ಪೆತ್, ಕೆಮಾತ್ ತಾ, ಇನೆನೆತ್ ಹಾಪಿ’. ಒಂದು ರಾತ್ರಿ ಬೇಜಾರಾಗಿ ಸುಮ್ನೆ ಕನ್ನಡದಲ್ಲಿ ಅಂದೆ: ಆಕಾಶ ಕೊಡುವುದು, ಭೂಮಿ ಹುಟ್ಟಿಸುವುದು, ನೈಲ್ ಪ್ರವಾಹ ತರುವುದು. ಅಷ್ಟೇ! ‘ದಟ್ ವಿಚ್’ಗೆ ಬದಲಾಗಿ ‘ಯಾವುದನ್ನು’ ಬೇಕಾಗಲೇ ಇಲ್ಲ. ಅವರ ಕೊನೆಯ ‘ತ್’, ಆ ಪುಟ್ಟ ರೊಟ್ಟಿ ಚಿಹ್ನೆ, ಇಲ್ಲಿ ನಮ್ಮ ‘ದು’ ಮಾಡುವ ಕೆಲಸವನ್ನೇ ಮಾಡುತ್ತದೆ. ಅವರಲ್ಲಿ ನಪುಂಸಕ ಇಲ್ಲ, ವಸ್ತುವಿಗೆ ಸ್ತ್ರೀಲಿಂಗ ಬಳಸುತ್ತಾರೆ. ದಕಾರ, ನಕಾರ ಎರಡೆರಡು ಬಂದರೆ ‘ಕೊಡುವ’, ‘ತರುವ’. ನಡುವೆ ‘ನ್’ ಸೇರಿ ‘ರೆದಿತೆನೆಫ್’ ಆದರೆ ‘ಅವನು ಕೊಟ್ಟದ್ದು’. ಅರ್ಪಣೆಗೆ ಅವರು ಬಳಸುವ ‘ಪೆರೆತ್ ಖೆರು’ ಕೂಡ ‘ದನಿ ಹೊರಡುವುದು’ ಅಂತ ಸಲೀಸಾಗಿ ಬಂತು. ಅದು ಇನ್ಫಿನಿಟಿವ್ (ಬರೀ ಕ್ರಿಯೆಯ ಹೆಸರು) ಆದರೂ ನಮ್ಮ ‘ವುದು’ ಎರಡಕ್ಕೂ ಒದಗುತ್ತದೆ, ಅಲ್ವಾ? ಒಂದು ಎಚ್ಚರ: ಅವರ ಕ್ರಮದಲ್ಲೇ ‘ಕೊಡುವುದು ಆಕಾಶ’ ಅಂದುಬಿಟ್ಟರೆ ಒತ್ತು ಆಕಾಶದ ಮೇಲೆ ಬಿದ್ದು ಅರ್ಥ ಕೆಡುತ್ತದೆ. ತಿರುಗಿಸಿಯೇ ಓದಿ.

ಹಳೆಯ ಬರಹದಲ್ಲಿ ಸ್ವರ ಬರೆಯುತ್ತಿರಲಿಲ್ಲ, ಹಾಗಾಗಿ ಮಧ್ಯೆ ಸ್ವರಗಳ ಆಸೆಗೆ ಕಾಪ್ಟಿಕ್ (ಅದೇ ಭಾಷೆಯ ಕೊನೆಯ ರೂಪ, ಸ್ವರಗಳನ್ನೂ ಬರೆಯುತ್ತಾರೆ) ಕಡೆ ಹೋಗಿ ಮೂರು ವಾರ ಕಳೆದೆ. ‘ಕೋತ್’ ಅಂದರೆ ಕಟ್ಟು, ‘ಕೇತ್’ ಅಂದರೆ ಕಟ್ಟಿ ಆಗಿದೆ. (ನಮ್ಮ ‘ಕಟ್ಟು’ವಿಗೆ ನಂಟು ಹುಡುಕಬೇಡಿ, ಅದು ಕಾಕತಾಳೀಯ.) ಕ್ರಿಯೆ ಮುಗಿದ ಮೇಲಿನ ಸ್ಥಿತಿ ಹೇಳುವ ಸ್ಟೇಟಿವ್‌ಗೆ ‘ಬಂದಿದ್ದಾನೆ’, ‘ಸತ್ತಿದೆ’ ತರಹದ ರೂಪ ಹೊಂದುತ್ತದೆ ಅನ್ನುವುದು ಅಲ್ಲಿ ಹೊಳೆಯಿತು. ಆದರೆ ನನಗೆ ಬೇಕಿದ್ದ ‘ತ್’ ರೂಪಗಳು ಕಾಪ್ಟಿಕ್ ಹೊತ್ತಿಗೆ ಸವೆದುಹೋಗಿದ್ದವು.

ಒಂದು ಭಾಗಕ್ಕೆ ಒತ್ತು ಕೊಡುವ ಈಜಿಪ್ಟಿನ ವಾಕ್ಯಗಳಿಗೂ ‘ಅವನು ಬಂದದ್ದು ನಿನ್ನೆ’ ಮಾದರಿ ಚೆನ್ನಾಗಿ ಕೂರುತ್ತದೆ. ಸ್ವರವೇ ಇಲ್ಲದ ಬರಹದಲ್ಲಿ ಅದನ್ನು ಹೇಗೆ ಹಿಡಿಯುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸೋತ 3 ಕಲ್ಲುಗಳಲ್ಲಿ ಎರಡು ಮುಕ್ಕಾಗಿದ್ದವು. ಮೂರನೆಯದರಲ್ಲಿ ಕೆತ್ತಿದವನೇ ರೊಟ್ಟಿ ಚಿಹ್ನೆ ಬಿಟ್ಟಿದ್ದ, ನಾನು ಇಡೀ ಸಂಜೆ ಅದನ್ನೇ ಹುಡುಕುತ್ತಾ ಕೂತಿದ್ದೆ.